ಮಿಶ್ರಣ–ದ್ರಾವಣ ಕಿಟ್: ತಕ್ಕಡಿಗಾದರೂ ತಗೊಳ್ಳಿ

ನಾಲ್ಕು, ಐದನೇ ಕ್ಲಾಸಿಗೆ ಮಿಶ್ರಣ, ದ್ರಾವಣದ ಪಾಠ ಮಾಡುವವರು ಈ ಕಿಟ್ ತಗೊಳ್ಳಬಹುದು. ಆದರೆ ಒಳಗಿರುವ ಕಾರ್ಡುಗಳನ್ನು ಕಣ್ಮುಚ್ಚಿ ನಂಬಬೇಡಿ. ನಾನು ಮಂಡ್ಯ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಟೀಚರ್. ಮೈಸೂರಿನಿಂದ 650 ರೂಪಾಯಿ ಕೊಟ್ಟು ತಂದೆ. ಪುಟ್ಟ ತಕ್ಕಡಿ, ತೂಕದ ಬಟ್ಟುಗಳು, ಅಳತೆ ಜಾಡಿ, ಲಾಳಿಕೆ, ಫಿಲ್ಟರ್ ಪೇಪರ್, ಆಯಸ್ಕಾಂತ, ಉಪ್ಪು, ಮರಳು, ಕಬ್ಬಿಣದ ಪುಡಿ ಇವೆ.

ತಕ್ಕಡಿಯೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಸಕ್ಕರೆಯನ್ನು ನೀರಿಗೆ ಹಾಕಿ ಕಲಕಿದರೆ ಮಕ್ಕಳು "ಮಾಯ ಆಯ್ತು ಮಿಸ್" ಅನ್ನುತ್ತಾರೆ. ಬೋರ್ಡಿನ ಮೇಲೆ ಎಷ್ಟು ಬರೆದರೂ ಆ ನಂಬಿಕೆ ಹೋಗುವುದಿಲ್ಲ. ಒಂದು ತಟ್ಟೆಯಲ್ಲಿ ನೀರಿನ ಲೋಟ, ಪಕ್ಕದಲ್ಲೇ ಕಾಗದದ ಮೇಲೆ ಒಂದು ಚಮಚ ಸಕ್ಕರೆ ಇಟ್ಟೆವು. ಇನ್ನೊಂದು ತಟ್ಟೆಗೆ ಬಟ್ಟು ಹಾಕಿ ಸರಿದೂಗಿಸಿದೆವು. ಆಮೇಲೆ ಸಕ್ಕರೆಯನ್ನು ಲೋಟಕ್ಕೆ ಸುರಿದು, ಖಾಲಿ ಕಾಗದ ಅಲ್ಲೇ ಬಿಟ್ಟು, ಲೋಟ ಎತ್ತಿ ಅಲ್ಲಾಡಿಸಿ ಮತ್ತೆ ಇಟ್ಟೆವು. ಮುಳ್ಳು ಮೊದಲಿದ್ದ ಜಾಗದಲ್ಲೇ ನಿಂತಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಬಗ್ಗಿ ನೋಡಿ, "ಹಂಗಾದ್ರೆ ಒಳ್ಗೇ ಅದೆ ಮಿಸ್" ಅಂದಳು. ನನಗೆ ಬೇಕಾಗಿದ್ದು ಇದೇ.

ನಮ್ಮ ಮಕ್ಕಳು ಆಲೆಮನೆ ನೋಡಿದವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮೇಲೆ ಬಂದ ಕೊಳೆಯನ್ನು ತೆಗೆದು ಹಾಕುತ್ತಾರೆ. ನೀರು ಆವಿಯಾಗುತ್ತಾ ಪಾಕ ಗಟ್ಟಿಯಾಗಿ ಬೆಲ್ಲ ಆಗುತ್ತದೆ. ಯಾವುದನ್ನು ಸೋಸಿ ತೆಗೆಯಬಹುದು, ಯಾವುದಕ್ಕೆ ನೀರು ಇಂಗಿಸಲೇಬೇಕು ಅನ್ನುವುದು ಅಲ್ಲೇ ಇದೆ ಅಲ್ವಾ? ಕಾರ್ಡಿನಲ್ಲಿ ಇಂಥ ಒಂದು ಉದಾಹರಣೆಯೂ ಇಲ್ಲ.

ಉಪ್ಪಿನ ಕಾರ್ಡಿನಲ್ಲಿ ಲೆಕ್ಕವೇ ತಪ್ಪಿದೆ. 100 ಮಿಲಿ ನೀರಿಗೆ ಇನ್ನು ಕರಗದಷ್ಟು ಉಪ್ಪು ಹಾಕಿ ಅನ್ನುತ್ತದೆ. ಪೊಟ್ಟಣದಲ್ಲಿರುವುದು 20 ಗ್ರಾಂ. ಅಷ್ಟು ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಪೊಟ್ಟಣ ಪೂರ್ತಿ ಸುರಿದರೂ ತಳದಲ್ಲಿ ಒಂದು ಕಾಳೂ ನಿಲ್ಲುವುದಿಲ್ಲ, ಮಕ್ಕಳು ಸುಮ್ನೆ ಕಲಕುತ್ತಾ ಕೂರಬೇಕು. ನೀವು 50 ಮಿಲಿ ತಗೊಳ್ಳಿ. 18 ಗ್ರಾಂ ದಾಟಿದ ಮೇಲೆ ಉಪ್ಪು ತಳಕ್ಕೆ ಕೂರುವುದು ಕಣ್ಣಿಗೇ ಕಾಣುತ್ತದೆ. ಸೋಸುವ ಪ್ರಯೋಗಕ್ಕೆ ಮನೆಯಿಂದ ಕಲ್ಲುಪ್ಪು ತನ್ನಿ. ಅದರ ಕಸರು ಪೇಪರಿನ ಮೇಲೆ ಉಳಿಯುತ್ತದೆ, ಉಪ್ಪು ನೀರಿನ ಜೊತೆ ಕೆಳಗಿಳಿಯುತ್ತದೆ. ಆ ನೀರನ್ನು ತಟ್ಟೆಗೆ ಹಾಕಿ ಬಿಸಿಲಿಗಿಟ್ಟರೆ ಉಪ್ಪು ಚೌಕ ಚೌಕ ಹರಳಾಗಿ ವಾಪಸ್ ಬರುತ್ತದೆ.

ಇನ್ನೊಂದು ಕಾರ್ಡು ಹಾಲನ್ನು ದ್ರಾವಣದ ಪಟ್ಟಿಗೆ ಸೇರಿಸಿದೆ. ಇದು ನನಗೆ ನಿಜಕ್ಕೂ ಬೇಜಾರು ತಂದಿತು. ಮಕ್ಕಳು ಒಂದು ಸಲ ತಪ್ಪು ಕಲಿತರೆ ಬಿಡಿಸುವುದು ಕಷ್ಟ. ಕತ್ತಲೆ ಕೋಣೆಯಲ್ಲಿ ಒಂದು ಲೋಟ ನೀರಿಗೆ ಎರಡು ಹನಿ ಹಾಲು ಹಾಕಿ, ಪಕ್ಕದಿಂದ ಟಾರ್ಚ್ ಬಿಡಿ. ಬೆಳಕಿನ ದಾರಿ ಉದ್ದಕ್ಕೂ ಕಾಣುತ್ತದೆ. ಸಕ್ಕರೆ ನೀರಿನಲ್ಲಿ ಹಾಗೆ ಕಾಣುವುದಿಲ್ಲ. ಹಾಲಿನ ಜಿಡ್ಡು ಕರಗಿರುವುದಿಲ್ಲ, ಸಣ್ಣ ಸಣ್ಣ ಹನಿಗಳಾಗಿ ತೇಲುತ್ತಿರುತ್ತದೆ. ಆ ಹನಿಗಳಿಗೆ ಬೆಳಕು ತಾಗಿ ಚದುರುತ್ತದೆ.

ಆಯಸ್ಕಾಂತ ಜೋರಾಗಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡಿ, ಇಲ್ಲದಿದ್ದರೆ ಕಬ್ಬಿಣದ ಪುಡಿ ಅಂಟಿಕೊಂಡು ಬಿಡುವುದೇ ಇಲ್ಲ. ಫಿಲ್ಟರ್ ಪೇಪರ್ ಮಾತ್ರ ತೀರಾ ಕಮ್ಮಿ ಕೊಟ್ಟಿದ್ದಾರೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ನೂರರ ಪ್ಯಾಕೆಟ್ ಸಿಗುತ್ತದೆ, ಕಿಟ್ ಜೊತೆಗೇ ತಂದಿಟ್ಟುಕೊಳ್ಳಿ.