ಕಾರಿನ ಕೀ ಕಳೆದಾಗ: ಸರ್ವಿಸ್ ಸೆಂಟರೋ, ಸ್ಥಳಕ್ಕೇ ಬರುವ ಕೀ ಮೇಕರೋ?

ಇಂದಿನ ಬಹುಪಾಲು ಕಾರುಗಳ ಕೀಯೊಳಗೆ ಚಿಪ್ ಇರುವುದರಿಂದ, ಲೋಹವನ್ನು ಕತ್ತರಿಸಿದ ಮಾತ್ರಕ್ಕೆ ಎಂಜಿನ್ ಚಾಲೂ ಆಗುವುದಿಲ್ಲ. ಕಾರಿನೊಳಗಿನ ಕಳ್ಳತನ ತಡೆಯುವ ವ್ಯವಸ್ಥೆಯಾದ ಇಮ್ಮೊಬಿಲೈಸರ್ ಆ ಚಿಪ್ಪನ್ನು ಗುರುತಿಸಬೇಕು. ಅಧಿಕೃತ ಸರ್ವಿಸ್ ಸೆಂಟರಿನವರು ಆರ್‌ಸಿ, ಗುರುತಿನ ಚೀಟಿ ಮತ್ತು ಸಾಮಾನ್ಯವಾಗಿ ಪೊಲೀಸ್ ದೂರಿನ ಪ್ರತಿಯನ್ನು ಪಡೆದು, ಚಾಸಿ ಸಂಖ್ಯೆಯ ಆಧಾರದಲ್ಲಿ ಕೀ ತರಿಸುತ್ತಾರೆ. ಇದಕ್ಕೆ ಹಲವು ದಿನಗಳು ಹಿಡಿಯಬಹುದು; ಎಲ್ಲ ಕೀಗಳೂ ಕಳೆದಿದ್ದರೆ ಕಾರನ್ನು ಎಳೆದೊಯ್ಯುವ ಖರ್ಚೂ ಸೇರುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ಮನೆಬಾಗಿಲಿಗೇ ಬರುವ ಕೀ ಮೇಕರ್‌ಗಳು ಡ್ಯಾಶ್‌ಬೋರ್ಡಿನ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಕಿಂಡಿ) ಉಪಕರಣ ಜೋಡಿಸಿ, ಹಲವು ಮಾದರಿಗಳಿಗೆ ಅಂದೇ ಕೀ ಸಿದ್ಧಪಡಿಸುತ್ತಾರೆ.

ವಾರಂಟಿಯಿರುವ ಹೊಸ ಕಾರಿಗೆ ನಾನು ಸರ್ವಿಸ್ ಸೆಂಟರನ್ನೇ ಆರಿಸುತ್ತೇನೆ. ಹಳೆಯ ಕಾರಿಗೆ, ಅದರಲ್ಲೂ ಇನ್ನೊಂದು ಕೀ ಕೈಯಲ್ಲಿದ್ದರೆ, ಅನುಭವಿ ಕೀ ಮೇಕರ್ ಸಾಕು. ಆದರೆ ಮಾಲೀಕತ್ವದ ದಾಖಲೆಯನ್ನೇ ಕೇಳದವರಿಗೆ ಕಾರನ್ನು ಒಪ್ಪಿಸಬೇಡಿ, ಮತ್ತು ಯಾರಿಂದ ಮಾಡಿಸಿದರೂ ಕಳೆದ ಕೀಯ ನೋಂದಣಿಯನ್ನು ಕಾರಿನ ಮೆಮೊರಿಯಿಂದ ಅಳಿಸಲು ಹೇಳಿ.