ಯಾಶ್ ನಗರದಲ್ಲಿ ಮೂರು ರೊಮೇನಿಯನ್ ಪತ್ರಿಕೆಗಳು

ರೊಮೇನಿಯಾದ ಈಶಾನ್ಯದಲ್ಲಿ, ಮಾಲ್ಡೋವಾದ ಗಡಿಗೆ ಹತ್ತಿರವಿರುವ ಯಾಶ್ ನಗರದಲ್ಲಿ ನೆಲೆಸಿದಂದಿನಿಂದ ನಾನು ಮೂರು ಪತ್ರಿಕೆಗಳನ್ನು ಜೊತೆಜೊತೆಯಾಗಿ ಓದುತ್ತ ಬಂದಿದ್ದೇನೆ: ಬುಕಾರೆಸ್ಟಿನ ‘ಅದೆವರುಲ್’ ಮತ್ತು ‘ಲಿಬೆರ್ತಾತ್ಯಾ’, ಇದೇ ಊರಿನ ‘ಝಿಯಾರುಲ್ ದೆ ಯಾಶ್’. ಇವುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ನಾನು ಸ್ಥಳೀಯ ಪತ್ರಿಕೆಯನ್ನೇ ಆರಿಸುತ್ತೇನೆ, ಆದರೆ ಅದನ್ನು ಪೂರ್ತಿಯಾಗಿ ನಂಬಿಕೊಂಡಲ್ಲ.

1888ರಲ್ಲಿ ಬುಕಾರೆಸ್ಟಿನಲ್ಲಿ ಆರಂಭವಾದ ಅದೆವರುಲ್, ಕಮ್ಯುನಿಸ್ಟ್ ಆಡಳಿತದಲ್ಲಿ 1951ರಲ್ಲಿ ನಿಂತುಹೋಗಿ, 1989ರ ಡಿಸೆಂಬರ್ ಕ್ರಾಂತಿಯೊಂದಿಗೆ ಮತ್ತೆ ಹೊರಬಂದಿತು. ಪ್ರತಿ ಸುದ್ದಿಯ ಹಿನ್ನೆಲೆಯನ್ನೂ ವಿವರಿಸುವ ಅದರ ಬರವಣಿಗೆ ಭಾಷೆ ಕಲಿಯುವವರಿಗೆ ಬಹಳ ಅನುಕೂಲಕರ. ಜಿಲ್ಲೆಗಳ ಸುದ್ದಿಯೂ ಅದರಲ್ಲಿ ಧಾರಾಳವಾಗಿದೆ. ಆದರೆ ಅದು ದೂರದ ಓದುಗನ ಕುತೂಹಲಕ್ಕೆ ತಕ್ಕಂತೆ ಆಯ್ದ ಸುದ್ದಿ, ಹಳೆಯ ಕೋಟೆ ಅಥವಾ ಮರೆತುಹೋದ ಐತಿಹ್ಯದ ಕಡೆಗೆ ಒಲಿಯುವಂಥದ್ದು.

ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಪಲಾಯನ ಮಾಡಿದ 1989ರ ಡಿಸೆಂಬರ್ 22ರಂದೇ ಹುಟ್ಟಿದ ಲಿಬೆರ್ತಾತ್ಯಾ ಬಹುಕಾಲ ರಂಜನೆಯ ಪತ್ರಿಕೆಯಾಗಿತ್ತು. 2015ರ ಅಕ್ಟೋಬರ್ 30ರಂದು ಬುಕಾರೆಸ್ಟಿನ ಕೊಲೆಕ್ತಿವ್ ಕ್ಲಬ್ಬಿನ ಬೆಂಕಿಗೆ 60ಕ್ಕೂ ಹೆಚ್ಚು ಮಂದಿ ಬಲಿಯಾದರು; ಅವರಲ್ಲಿ ಹಲವರು ಸತ್ತದ್ದು ಆಸ್ಪತ್ರೆಯಲ್ಲಿ ಸೋಂಕು ತಗಲಿ. ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಸೋಂಕುನಿವಾರಕ ದ್ರಾವಣಗಳನ್ನು ನೀರು ಬೆರೆಸಿ ತೆಳುವಾಗಿಸಲಾಗಿತ್ತೆಂಬುದನ್ನು ಮರುವರ್ಷ ಬಯಲಿಗೆಳೆದದ್ದು, ಆಶ್ಚರ್ಯವೆನಿಸಿದರೂ, ‘ಗಝೆತಾ ಸ್ಪೋರ್ತುರಿಲೊರ್’ ಎಂಬ ಕ್ರೀಡಾಪತ್ರಿಕೆ. ಆ ತನಿಖೆಯ ಮುಂದಾಳು ಕತಲಿನ್ ತೊಲೊಂತಾನ್ ಮುಂದೆ ಲಿಬೆರ್ತಾತ್ಯಾದ ಸಂಪಾದಕೀಯ ಹೊಣೆ ಹೊತ್ತಾಗ ಪತ್ರಿಕೆಯ ಸ್ವರೂಪವೇ ಬದಲಾಯಿತು. ಸಾರ್ವಜನಿಕ ಹಣದ ಜಾಡು ಹಿಡಿಯುವ ಅದರ ವರದಿಗಳನ್ನು ನಾನು ಇಂದಿಗೂ ಮೊದಲು ಓದುತ್ತೇನೆ. ಆದರೆ ಯಾಶ್ ಅದರ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿ ಏನಾದರೂ ಅನಾಹುತವಾದಾಗ.

1991ರಲ್ಲಿ ‘ಮೊನಿತೊರುಲ್’ ಎಂಬ ಹೆಸರಿನಿಂದ ಆರಂಭವಾದ ಝಿಯಾರುಲ್ ದೆ ಯಾಶ್‌ನ ಬೆಲೆ ತಿಳಿಯುವುದು ಎ-8 ಹೆದ್ದಾರಿಯಂಥ ವಿಷಯದಲ್ಲಿ. ಕಾರ್ಪೇಥಿಯನ್ ಪರ್ವತಗಳನ್ನು ದಾಟಿ ತಿರ್ಗು ಮುರೆಶ್ ನಗರವನ್ನು ಯಾಶ್‌ಗೆ ಜೋಡಿಸಬೇಕಾದ ಈ ರಸ್ತೆಗಾಗಿ ಇಲ್ಲಿಯ ಜನ ವರ್ಷಗಳಿಂದ ಒತ್ತಾಯಿಸುತ್ತಿದ್ದಾರೆ. ರಾಜಧಾನಿಯ ಪತ್ರಿಕೆಗಳಿಗೆ ಅದು ಮಂತ್ರಿಗಳ ಹೇಳಿಕೆ ಮತ್ತು ಐರೋಪ್ಯ ಅನುದಾನದ ವಿಷಯವಾದರೆ, ಯಾವ ಭಾಗದ ಟೆಂಡರ್ ಯಾವ ಹಂತದಲ್ಲಿದೆ, ಯಾರ ತಕರಾರಿನಿಂದ ತಡವಾಗಿದೆ ಎಂಬುದನ್ನು ಸ್ಥಳೀಯ ಪತ್ರಿಕೆ ಬಿಡದೆ ಬರೆಯುತ್ತದೆ. ಅಕ್ಟೋಬರ್ 14ರ ಸಂತ ಪರಸ್ಕೇವಾ ಹಬ್ಬಕ್ಕೆ ಸಹಸ್ರಾರು ಯಾತ್ರಿಕರು ಸೇರಿದಾಗಲೂ, ಉಳಿದವರು ಒಂದು ಛಾಯಾಚಿತ್ರದಲ್ಲಿ ಮುಗಿಸುವುದನ್ನು ಇದು ಮುಚ್ಚಿದ ಬೀದಿ, ಸಾಲು ನಿಲ್ಲುವ ಸ್ಥಳಗಳವರೆಗೆ ತಿಳಿಸುತ್ತದೆ. ಪೊಲಿರೋಮ್ ಪ್ರಕಾಶನದ ಜೊತೆಗೂಡಿ ತಂದ ಅದರ ಸಾಂಸ್ಕೃತಿಕ ಪುರವಣಿಯಂಥದ್ದು ಜಿಲ್ಲಾ ಪತ್ರಿಕೆಗಳಲ್ಲಿ ಅಪರೂಪ.

ಇಷ್ಟಾದರೂ ನನ್ನ ನಂಬಿಕೆಗೆ ಒಂದು ಮಿತಿಯಿದೆ, ಅದು ಯಾವುದೇ ಒಂದು ಪತ್ರಿಕೆಯನ್ನು ಕುರಿತದ್ದಲ್ಲ. ರೊಮೇನಿಯಾದ ರಾಜಕೀಯ ಪಕ್ಷಗಳಿಗೆ ಸರ್ಕಾರದ ಬಜೆಟ್ಟಿನಿಂದ ಅನುದಾನ ಸಿಗುತ್ತದೆ. ಅದರಲ್ಲಿ ದೊಡ್ಡ ಪಾಲು ಪತ್ರಿಕೆ, ಟಿವಿ ಮತ್ತು ಪ್ರಚಾರಕ್ಕೆ ಹರಿಯುತ್ತದೆ. ಜಾಹೀರಾತಿನ ಮಾರುಕಟ್ಟೆ ಚಿಕ್ಕದಾಗಿರುವ ಜಿಲ್ಲೆಗಳಲ್ಲಿ ಇಂಥ ಹಣದ ಆಮಿಷಕ್ಕೆ ತಡೆಯೊಡ್ಡುವುದು ಹೆಚ್ಚು ಕಷ್ಟ. ಆದ್ದರಿಂದ ನಗರಸಭೆಯ ನಿರ್ಣಯವೊಂದರ ವರದಿಯನ್ನು ಓದುವಾಗ, ವಿರುದ್ಧ ಮತ ಹಾಕಿದವರ ಮಾತು ಅದರಲ್ಲಿ ಇದೆಯೇ ಎಂದು ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಅದೇ ವಿಷಯವನ್ನು ಬುಕಾರೆಸ್ಟಿನ ಪತ್ರಿಕೆಗಳಲ್ಲಿ ಹುಡುಕುತ್ತೇನೆ.