ವಿಡಿಯೋ ನೋಡಿ ಶಿಹೊನಾಗೆ ಹಾಕಲು ಹೋಗಬೇಡಿ

ಜಪಾನಿನ ಸಮರಕಲೆ ಐಕಿಡೊ ಕಲಿಸುತ್ತೇವೆ ಅಂತ ವಿಡಿಯೋ ಕೋರ್ಸ್ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಮನೆಯಲ್ಲೇ ಕಲಿಯಿರಿ, ಬಲವೇ ಬೇಡ, ಕೊನೆಗೆ ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಕೂಡ ಕೊಡುತ್ತೇವೆ ಅನ್ನುವ ಧಾಟಿ. ಅಂಥದ್ದೊಂದನ್ನು ನಾನೂ ನನ್ನ ಗೆಳೆಯನೂ ಸೇರಿ ದುಡ್ಡು ಕೊಟ್ಟು ತೆಗೆದುಕೊಂಡೆವು. ಅವನ ಭುಜ ಇನ್ನೂ ಪೂರ್ತಿ ಸರಿಹೋಗಿಲ್ಲ. ಕೈ ಮೇಲೆತ್ತಿ ಅಂಗಿ ಹಾಕಿಕೊಳ್ಳುವಾಗ ಈಗಲೂ ಮುಖ ಕಿವುಚುತ್ತಾನೆ. ಕೋರ್ಸಿನ ಹೆಸರು ಬರೆಯುವುದಿಲ್ಲ. ಇದೇ ಥರದವು ಬೇಕಾದಷ್ಟಿವೆ, ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಅಂದುಕೊಂಡೀರಿ.

ನೋಡುವುದಕ್ಕೆ ವಿಡಿಯೋ ಚೆನ್ನಾಗಿಯೇ ಇತ್ತು. ನಿಲ್ಲುವ ಭಂಗಿ, ಪಾದ ತಿರುಗಿಸುವ ತೆಂಕನ್, ಆಮೇಲೆ ಸೀದಾ ಇಕ್ಕ್ಯೊ, ನಿಕ್ಯೊ, ಕೊತೆಗಾಏಶಿ, ಶಿಹೊನಾಗೆ ಅನ್ನುವ ಪಟ್ಟುಗಳು, ಎಸೆತಗಳು. ಬೀಳುವುದನ್ನು ಕಲಿಸುವ ಉಕೆಮಿ ಎಲ್ಲಿತ್ತು ಗೊತ್ತಾ? ಎಲ್ಲಕ್ಕಿಂತ ಕೊನೆಯಲ್ಲಿ, ಬೋನಸ್ ಪಾಠ ಅಂತ. ದೋಜೊಗಳಲ್ಲಿ, ಅಂದರೆ ಅಭ್ಯಾಸದ ಶಾಲೆಗಳಲ್ಲಿ, ಹೊಸಬರಿಗೆ ಮೊದಲು ಹೇಳಿಕೊಡುವುದೇ ಅದನ್ನು. ಇಲ್ಲಿ ಅದು ಊಟ ಮುಗಿದ ಮೇಲೆ ಎಲೆಗೆ ಬಂದ ಉಪ್ಪು.

ಶಿಹೊನಾಗೆ ಅಂದರೆ ಹೀಗೆ. ಎದುರಿನವನು ನಿಮ್ಮ ಮುಂಗೈ ಹಿಡಿಯುತ್ತಾನೆ. ನೀವು ಅವನ ಮಣಿಕಟ್ಟು ಹಿಡಿದು, ಕೈಗಳನ್ನು ಹಣೆಯವರೆಗೆ ಎತ್ತಿ, ಅವನ ತೋಳಿನ ಕೆಳಗೆ ನುಗ್ಗಿ ತಿರುಗುತ್ತೀರಿ. ಆಗ ಅವನ ಕೈ ಅವನದೇ ಭುಜದ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಅಲ್ಲಿಂದ ಕತ್ತಿಯೇಟು ಹಾಕುವ ಹಾಗೆ ಕೆಳಗೆ ಇಳಿಸಿದರೆ ಅವನು ಹಿಂದಕ್ಕೆ ಬೀಳುತ್ತಾನೆ. ಒಂದೆರಡು ಸೆಕೆಂಡಿನ ಕೆಲಸ. ನಮ್ಮ ವಿಡಿಯೋದಲ್ಲಿ ಕ್ಯಾಮೆರಾ ಮುಂದುಗಡೆ ಮಾತ್ರ. ತಿರುಗುವ ಹೊತ್ತಿಗೆ ಸ್ಲೋ ಮೋಷನ್, ಹಿನ್ನೆಲೆಯಲ್ಲಿ ಕೊಳಲು. ಮಡಚಿದ ಕೈ ಭುಜಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದು ಕಾಣುವುದೇ ಇಲ್ಲ. ಕಲಿಸುವವರ ಬೆನ್ನು ಅಡ್ಡ ಬರುತ್ತದೆ.

ಆ ಒಂದು ಸಂಗತಿಯ ಮೇಲೆಯೇ ಎಲ್ಲ ನಿಂತಿದೆ. ಮಡಚಿದ ಕೈ ಬೀಳುವವನ ಭುಜಕ್ಕೆ ಅಂಟಿಕೊಂಡಂತೆ ಇದ್ದರೆ ಅವನ ಮೊಣಕೈ ಮುಂದಕ್ಕೆ, ಮೇಲಕ್ಕೆ ಇರುತ್ತದೆ. ಇಡೀ ಮೈ ಒಟ್ಟಿಗೆ ಹಿಂದಕ್ಕೆ ವಾಲುತ್ತದೆ, ಅವನು ಕಾಲು ಮಡಚಿ ಕೂತು ಹಿಂದಕ್ಕೆ ಉರುಳಬಹುದು. ಕೈ ಹೊರಗಡೆಗೆ ಜಾರಿತೋ, ಎಳೆತವೆಲ್ಲ ಭುಜದ ಕೀಲಿಗೂ ಮೊಣಕೈಗೂ ಹೋಗುತ್ತದೆ. ಗೆಳೆಯನಿಗೆ ಆಗಿದ್ದು ಇದೇ. ವಿಡಿಯೋದಲ್ಲಿ ಹೇಳಿದಷ್ಟನ್ನು ಹೇಳಿದ ಹಾಗೆಯೇ ಮಾಡಿದೆವು. ಅವನ ಕೈ ಪಕ್ಕಕ್ಕೆ ತೆರೆದುಕೊಂಡಿತು. ಹಿಂದಕ್ಕೆ ಉರುಳುವುದು ಗೊತ್ತಿಲ್ಲದವನು ಬೀಳಬಾರದು ಅಂತ ಮೈ ಬಿಗಿ ಹಿಡಿದ. ಕಾಲಡಿಯ ಯೋಗ ಮ್ಯಾಟ್ ಜಾರಿತು. ಬೆರಳು ನೆಟಿಗೆ ಮುರಿದಂಥ ಸಣ್ಣ ಸದ್ದು ಅಷ್ಟೇ. ಅವನು ಕೂಗಲೂ ಇಲ್ಲ. ತೋಳನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತುಬಿಟ್ಟ. ಲಿಗಮೆಂಟ್ ಹರಿದಿದೆ ಅಂದರು ಡಾಕ್ಟರ್. ಆಮೇಲೆ ಸ್ಲಿಂಗ್, ಫಿಸಿಯೋಥೆರಪಿ, ತಿಂಗಳುಗಟ್ಟಲೆ.

ನಿಜ ಹೇಳಬೇಕೆಂದರೆ ಭುಜಕ್ಕೆ ಮುಗಿದದ್ದು ಪುಣ್ಯ. ಶಿಹೊನಾಗೆಯಲ್ಲಿ ಕೈ ಸಿಕ್ಕಿಹಾಕಿಕೊಂಡಿರುವುದರಿಂದ ನೆಲಕ್ಕೆ ಊರಿ ಕಾಪಾಡಿಕೊಳ್ಳಲು ಆಗುವುದಿಲ್ಲ. ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ತಲೆಗೆ ಗಂಭೀರ ಪೆಟ್ಟಾಗಬಲ್ಲ ಎಸೆತ ಅಂತ ಐಕಿಡೊದವರಿಗೆ ಇದರ ಮೇಲೆ ಒಂದು ಭಯ ಇದ್ದೇ ಇದೆ. ಗದ್ದವನ್ನು ಎದೆಗೆ ಒತ್ತಿಕೊಂಡು ಬೀಳುವುದು ಅಭ್ಯಾಸದಿಂದ ತಾನಾಗಿ ಬರಬೇಕು. ಆ ಕ್ಷಣದಲ್ಲಿ ನೆನಪು ಮಾಡಿಕೊಂಡು ಮಾಡುವ ಕೆಲಸ ಅಲ್ಲ ಅದು.

ಕೋರ್ಸಿನವರಿಗೆ ಬರೆದೆವು. ‘ನಿಮ್ಮ ಗೆಳೆಯರು ರಿಲ್ಯಾಕ್ಸ್ ಆಗಿರಲಿಲ್ಲ’ ಅಂತ ಉತ್ತರ ಬಂತು. ಜೊತೆಗೆ ಮುಂದಿನ ಹಂತದ ಕೋರ್ಸಿಗೆ ರಿಯಾಯಿತಿ! ಇಷ್ಟು ಓದಿ ನಗು ಬಂದರೆ ನಕ್ಕುಬಿಡಿ, ನಮಗೆ ಆವತ್ತು ಬರಲಿಲ್ಲ.

ಆಮೇಲೆ ನಾನು ಒಂದು ದೋಜೊ ಸೇರಿದೆ. ಅಲ್ಲಿನ ಗುರುಗಳಿಗೆ ಆ ವಿಡಿಯೋ ತೋರಿಸಿದೆ. ಅವರು ಜಾಸ್ತಿ ಮಾತಾಡಲಿಲ್ಲ. ಕೈ ಹಿಡಿ ಅಂದರು, ಹಿಡಿದೆ. ಅವರಿನ್ನೂ ಏನೂ ತಿರುಚಿರಲಿಲ್ಲ, ನನ್ನ ಹಿಮ್ಮಡಿ ನೆಲ ಬಿಟ್ಟಿತ್ತು. ಬೆರಳುಗಳ ಮೇಲೆ ನಿಂತಿದ್ದೆ. ಕುಜುಶಿ, ಅಂದರೆ ಎದುರಿನವನ ತೂಕ ತಪ್ಪಿಸುವುದು, ನಡೆಯುವುದು ಆ ಅರೆಕ್ಷಣದಲ್ಲಿ. ವಿಡಿಯೋದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವುದು ಕೊನೆಯ ತಿರುಚು. ನೋಡಿದವರು ಅದನ್ನೇ ಮಾಡುತ್ತಾರೆ. ತೂಕ ತಪ್ಪದೆ ಗಟ್ಟಿಯಾಗಿ ನಿಂತವನ ಕೈ ತಿರುಚಬೇಕೆಂದರೆ ಬಲ ಹಾಕಲೇಬೇಕು, ಅಲ್ವಾ? ಬಲವೇ ಬೇಡ ಅನ್ನುವ ಜಾಹೀರಾತು ಮನೆಯಲ್ಲಿ ಪೂರ್ತಿ ಬಲದ ಆಟ ಆಗುವುದು ಹೀಗೆ.

ಇನ್ನೊಂದು ಮೋಸ, ವಿಡಿಯೋದಲ್ಲಿ ಬೀಳುವ ವ್ಯಕ್ತಿ. ಅವರು ವರ್ಷಗಟ್ಟಲೆ ಬಿದ್ದು ಪಳಗಿದವರು. ಎಸೆತದ ದಾರಿ ಅವರಿಗೆ ಮೊದಲೇ ಗೊತ್ತು. ಕೀಲಿಗೆ ಪೆಟ್ಟಾಗುವ ಮೊದಲೇ ತಾವಾಗಿ ಹಾರಿ ಉರುಳುತ್ತಾರೆ. ಸುಮ್ನೆ ನಾಟಕ ಅಂತ ನಾನು ಹೇಳುತ್ತಿಲ್ಲ. ಅದೇ ಅವರ ರಕ್ಷಣೆ. ನಿಮ್ಮ ಅಣ್ಣನೋ ರೂಮ್‌ಮೇಟೋ ಹಾಗೆ ಬೀಳುವುದಿಲ್ಲ. ಐಕಿಡೊ ಸಂಸ್ಥಾಪಕ ಮೊರಿಹೇಯಿ ಉಏಶಿಬಾ ಅವರ ಹಳೆಯ ಚಲನಚಿತ್ರಗಳು ಸಿಗುತ್ತವೆ, 1935ರಷ್ಟು ಹಿಂದಿನದೂ ಇದೆ. ನೋಡಿ, ಖುಷಿಪಡಿ. ಆದರೆ ಅಲ್ಲಿ ಬೀಳುವವರು ಅವರ ಕೈಯಲ್ಲೇ ಪಳಗಿದ ಶಿಷ್ಯರು. ಅದನ್ನು ನೋಡಿ ಮನೆಯಲ್ಲಿ ಮಾಡಬೇಡಿ.

ನಿಕ್ಯೊ ಬಗ್ಗೆಯೂ ಒಂದು ಮಾತು. ಮಣಿಕಟ್ಟನ್ನು ಒಳಕ್ಕೆ ಮಡಚಿ ಒತ್ತುವ ಪಟ್ಟು ಅದು. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ, ಅವನ್ನು ಹಿಡಿದಿಟ್ಟಿರುವ ನಾರುಗಳು ಬೆರಳಷ್ಟೂ ದಪ್ಪ ಇಲ್ಲ. ಕೆಲವರಿಗೆ ನಿಕ್ಯೊ ಮುಟ್ಟಿದ ಕೂಡಲೇ ಉರಿ ಹತ್ತುತ್ತದೆ. ಕೈ ತುಂಬ ಬಾಗುವವರಿಗೆ ನೋವು ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ನೆಲ ತಟ್ಟಿದ ಕೂಡಲೇ ಬಿಡಬೇಕು ಅನ್ನುವ ನಿಯಮವನ್ನು ನಮ್ಮ ಕೋರ್ಸ್ ಹೇಳಿರಲೇ ಇಲ್ಲ. ಹಾಗಾಗಿ ಜೊತೆಗಾರ ತಟ್ಟುವುದಿಲ್ಲ, ಹಿಡಿದವನು ಬಿಡುವುದಿಲ್ಲ.

ಸರ್ಟಿಫಿಕೇಟ್ ವಿಚಾರ ಬೇಗ ಮುಗಿಸುತ್ತೇನೆ. ಟೋಕಿಯೋದ ಐಕಿಕಾಯ್ ಸಂಸ್ಥೆಯ ಹೊಂಬು ದೋಜೊ, ಅಂದರೆ ಮುಖ್ಯ ದೋಜೊ, ಲೆಕ್ಕದಲ್ಲಿ, ಹೊಸಬರು 5ನೇ ಕ್ಯು (ಬ್ಲ್ಯಾಕ್ ಬೆಲ್ಟ್‌ಗಿಂತ ಕೆಳಗಿನ ಹಂತ, 5ರಿಂದ 1ಕ್ಕೆ ಏರುತ್ತದೆ) ಪರೀಕ್ಷೆಗೆ ಕೂರಲೇ ಕನಿಷ್ಠ 30 ದಿನದ ಅಭ್ಯಾಸ ಬೇಕು. 1ನೇ ಕ್ಯು ಆದ ಮೇಲೆ ಶೋದಾನ್‌ಗೆ, ಅಂದರೆ ಮೊದಲ ಬ್ಲ್ಯಾಕ್ ಬೆಲ್ಟ್‌ಗೆ, ಇನ್ನೂ 70 ದಿನ. ಅದೆಲ್ಲ ತತಾಮಿ (ಅಭ್ಯಾಸದ ಚಾಪೆ) ಮೇಲೆ, ಕಣ್ಣೆದುರು ಗುರು ಇದ್ದಾಗಿನ ಲೆಕ್ಕ. ನಮ್ಮ ಕೋರ್ಸಿನ ಸರ್ಟಿಫಿಕೇಟಿಗೆ ಒಂದು ವಿಡಿಯೋ ಕಳಿಸಿದರೆ ಸಾಕಿತ್ತು. ಅದನ್ನು ಯಾವ ದೋಜೊದಲ್ಲೂ ಯಾರೂ ಕೇಳುವುದಿಲ್ಲ.

ವಿಡಿಯೋ ಪೂರ್ತಿ ದಂಡ ಅನ್ನುವವನಲ್ಲ ನಾನು. ದೋಜೊಗೆ ಹೋಗುವವರಿಗೆ ಬಹಳ ಉಪಯೋಗ ಇದೆ. ಆವತ್ತು ಕಲಿತದ್ದರಲ್ಲಿ ಪಾದ ಎಲ್ಲಿಟ್ಟಿದ್ದರು ಅಂತ ಮರೆತರೆ ಮನೆಗೆ ಬಂದು ನೋಡಿಕೊಳ್ಳಬಹುದು. ಒಬ್ಬರೇ ಮಾಡುವ ತೆಂಕನ್ ಹೆಜ್ಜೆ, ಮಂಡಿ ಮೇಲೆ ನಡೆಯುವ ಶಿಕ್ಕೊ (ಮಂಡಿನೋವು ಇದ್ದವರು ಬಿಟ್ಟುಬಿಡಿ), ಜಾಗ ಇದ್ದರೆ ಮರದ ಕತ್ತಿ ಬೀಸುವ ಸುಬುರಿ, ಇವಕ್ಕೆಲ್ಲ ವಿಡಿಯೋ ಸಾಕು. ಇನ್ನೊಬ್ಬರ ಕೀಲಿಗೆ ಕೈ ಹಾಕುವ ಪಾಠಗಳನ್ನು ಮಾತ್ರ ದೋಜೊಗೆ ಬಿಡಿ. ದೋಜೊ ಹುಡುಕುವಾಗಲೂ ಒಂದು ದಿನ ಸುಮ್ನೆ ಕೂತು ನೋಡಿ. ಹೊಸಬರನ್ನು ಮೂಲೆಯಲ್ಲಿ ಬೀಳಿಸಿ ಕಲಿಸುತ್ತಿದ್ದಾರಾ, ಅಥವಾ ಬಂದ ದಿನವೇ ಎಸೆಯಲು ಬಿಡುತ್ತಾರಾ ಅಂತ.

ಕೋರ್ಸ್ ಈಗಾಗಲೇ ಕೊಂಡಿದ್ದರೆ ಪಾಠ ತೆರೆಯುವ ಮೊದಲು ಪಾಠಗಳ ಪಟ್ಟಿ ನೋಡಿ. ಉಕೆಮಿ ಕೊನೆಯಲ್ಲಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕೂಡಲೇ ದುಡ್ಡು ವಾಪಸ್ ಕೇಳಿ. ನಮ್ಮ ಕೋರ್ಸಿನಲ್ಲಿ ಮೊದಲ ಪಾಠ ಪ್ಲೇ ಮಾಡಿದರೆ ರೀಫಂಡ್ ಇಲ್ಲ ಅಂತ ಷರತ್ತಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು.